ಪೌಡರ್ ತಾಗದ ಜಾಗ

ಮಾರ್ಚ್ 3, ಬೆಳಿಗ್ಗೆ

—ಆದ್ದರಿಂದ ಮುಳ್ಳಲ್ಲ. ಮೊಳೆಯೂ ಅಲ್ಲ. ನಿನ್ನೆ ಬರೆದದ್ದು ತಪ್ಪು. ಇವತ್ತು ಶೆಡ್ಡಿನ ಬಾಗಿಲು ತೆಗೆದರೆ ವಿಮಾನ ಮತ್ತೆ ಎಡಕ್ಕೆ ವಾಲಿ ನಿಂತಿದೆ, ಹಲ್ಲುನೋವು ಬಂದವರ ಹಾಗೆ. ಎರಡೇ ಸೀಟಿನ ಪುಟ್ಟ ವಿಮಾನ. ಎಡಚಕ್ರ ಅಪ್ಪಚ್ಚಿ. ಸಂಜೆ ಗಾಳಿ ತುಂಬಿದರೆ ಬೆಳಿಗ್ಗೆ ಇಲ್ಲ. ವಾಲ್ವಿಗೆ ಎಂಜಲು ಹಚ್ಚಿ ನೋಡಿದೆ, ಗುಳ್ಳೆ ಏಳಲಿಲ್ಲ. ಅಲ್ಲಿಗೆ ವಾಲ್ವೂ ಅಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಕಾಸ್ ಅಂಡ್ ಎಫೆಕ್ಟ್ ಅಂತ ಒಂದು ಪಾಠ ಮಾಡಿದ್ದರು. ಎಫೆಕ್ಟ್ ಮಾತ್ರ ನೆನಪಿದೆ.

ಕ್ಯಾಪ್ಟನಮ್ಮ ಬಂದರು. ಇಲ್ಲಿ ವಿಮಾನ ಹಾರಿಸಲು ಕಲಿಸುವವರು. ವಯಸ್ಸಿನಲ್ಲಿ ನನಗೆ ಮಗಳು, ಮಾತಿನಲ್ಲಿ ಅತ್ತೆ.

"ಏನ್ ಯಜಮಾನ್ರೇ, ಇನ್ನೂ ಸಿಗ್ಲಿಲ್ವಾ? ಸೈಕಲ್ ಶಾಪಿಗೆ ಕೊಡೋಣ್ವಾ?"

"ನಿಮ್ಮ ಶಿಷ್ಯರು ಮೂಟೆ ಎತ್ತಿ ಹಾಕ್ದಂಗೆ ಇಳಿಸ್ತಾರಲ್ಲ, ಅದಕ್ಕೇ ಇರ್ಬೇಕು."

"ನನ್ನ ಶಿಷ್ಯರ ಸುದ್ದಿಗೆ ಬರ್ಬೇಡಿ."

ಅವರು ಹೋದ ಮೇಲೆ, ಟೈರಿಗೂ ರಿಮ್ಮಿಗೂ ಸೇರಿಸಿ ಎಳೆದಿದ್ದ ಕೆಂಪು ಗೆರೆ ನೋಡಿದೆ. ನೆಟ್ಟಗಿದೆ. ಧೊಪ್ಪನೆ ಇಳಿದು ಟೈರು ರಿಮ್ಮಿನ ಮೇಲೆ ಜಾರಿದ್ದರೆ ಗೆರೆ ಮುರಿದಿರುತ್ತಿತ್ತು. ಶಿಷ್ಯರು ನಿರಪರಾಧಿಗಳು. ಅವರಿಗೆ ಹೇಳಲು ಹೋಗಲಿಲ್ಲ, ತಲೆ ಮೇಲೆ ಕೂರುತ್ತಾರೆ.

ಚಕ್ರ ಬಿಚ್ಚಲೇಬೇಕು.

ಅದೇ ದಿನ, ಮಧ್ಯಾಹ್ನ

ಗಾಳಿ ಪೂರ್ತಿ ಬಿಟ್ಟು, ಬೋಲ್ಟು ತೆಗೆದು, ರಿಮ್ಮನ್ನು ಎರಡು ಹೋಳಾಗಿ ಬಿಡಿಸಿದೆ. ಟ್ಯೂಬು ಹೊರಗೆಳೆದೆ.

ಇವಳ ಘಮ.

ಅಲ್ಲೇ ಕೂತುಬಿಟ್ಟೆ...

ಈ ಟ್ಯೂಬು ಹಾಕಿದಾಗ ಇವಳಿದ್ದಳು. ಸ್ಟೋರಿನಲ್ಲಿ ಪೌಡರ್ ಮುಗಿದಿತ್ತು. ಟ್ಯೂಬಿಗೂ ಟೈರಿಗೂ ನಡುವೆ ಪೌಡರ್ ಇಲ್ಲದಿದ್ದರೆ ಒಂದಕ್ಕೊಂದು ಅಂಟಿ ಉಜ್ಜಿಕೊಳ್ಳುತ್ತವೆ. ಮನೆಗೆ ಫೋನ್ ಮಾಡಿದೆ. ಊಟದ ಜೊತೆ ತನ್ನ ಮುಖದ ಪೌಡರ್ ಡಬ್ಬಿ ತಂದಳು. ನನ್ನ ಕೈಗೆ ಕೊಡಲಿಲ್ಲ, ನಾನು ದುಂದು ಅಂತ. ನಾನು ಟೈರು ತಿರುಗಿಸುತ್ತ ಹೋದೆ, ಇವಳು ಉದುರಿಸುತ್ತ ಬಂದಳು. "ಹೆಂಡ್ತಿಗೆ ಒಂದು ಡಬ್ಬಿ ತಂದುಕೊಟ್ಟ ಗಂಡಸಲ್ಲ, ಚಕ್ರಕ್ಕೆ ಮೇಕಪ್ಪು ಬೇರೆ." ಕೊನೆಗೆ ಟಪ್ಪನೆ ಮುಚ್ಚಳ ತಿರುಗಿಸಿದಳು. "ಸಾಕು ರೀ. ನನ್ನ ಮುಖಕ್ಕೂ ಒಂಚೂರು ಉಳೀಲಿ."

ಉಳಿಯಿತು. ಮುಖವೇ ಉಳಿಯಲಿಲ್ಲ.

ಮಾರ್ಚ್ 6

ಎರಡು ದಿನ ಬರೆಯಲಿಲ್ಲ. ಟ್ಯೂಬು ಮನೆಗೆ ತಂದಿದ್ದೇನೆ. ಇವಳ ಶಾಲು ತೂಗುತ್ತಿದ್ದ ಮೊಳೆಗೆ ಹಾಕಿದೆ. ಯಾರಾದರೂ ನೋಡಿದರೆ ಮುದುಕನಿಗೆ ಅರಳುಮರಳು ಅಂದಾರು. ಅನ್ನಲಿ.

ಕನ್ನಡಿಯ ಹತ್ತಿರ ಅದೇ ಡಬ್ಬಿ ಇದೆ, ತಳದಲ್ಲಿ ಇವಳು ಉಳಿಸಿಕೊಂಡದ್ದು. ಆದರೆ ಅದರಲ್ಲಿ ಘಮವಿಲ್ಲ. ಇವಳು ಹೋದಮೇಲೆ ಮೂಸಿ ಮೂಸಿ ನಾನೇ ಮುಗಿಸಿದ್ದೇನೆ. ಟೈರಿನೊಳಗೆ ಮುಚ್ಚಿಟ್ಟ ಹಾಗೆ ಇದ್ದದ್ದು ಇದೊಂದೇ.

ಕ್ಯಾಪ್ಟನಮ್ಮ ಕೇಳಿದರು, "ಹೊಸ ಟ್ಯೂಬ್ ಬಂದಿದ್ಯಲ್ಲ, ಹಾಕಿ ಮುಗ್ಸಿ. ಹಳೇದನ್ನ ಕಟ್ಕೊಂಡು ಏನ್ ಮಾಡ್ತೀರಿ?"

ನಿಜ. ಹಾಗೆ ಮಾಡಿದರೆ ಇದು ಮೊಳೆಯ ಮೇಲೇ ಇರುತ್ತದೆ. ಆದರೆ ತೂತು ಮಾಡಿದ್ದು ಯಾವುದು? ರಿಮ್ಮಿನಲ್ಲಿ ಚೂಪು ಎದ್ದಿದ್ದರೆ ಹೊಸದನ್ನೂ ತಿನ್ನುತ್ತದೆ. ಶೆಡ್ಡಿನಲ್ಲಿ ತಿಂದರೆ ಸರಿ, ಇಳಿಯುವ ಹೊತ್ತಿಗೆ ತಿಂದರೆ? ಒಳಗೆ ಈ ಕ್ಯಾಪ್ಟನ್ ಹುಡುಗಿ ಕೂತಿರುತ್ತಾಳೆ. ತೂತು ಎಲ್ಲಿದೆ ಅಂತ ಗೊತ್ತಾಗಬೇಕು. ಗೊತ್ತಾಗಬೇಕಾದರೆ ನೀರಿಗೆ ಹಾಕಬೇಕು.

ನೀರಿಗೆ ಹಾಕಿದರೆ ಹೋಯಿತು.

ಮಾರ್ಚ್ 7

ಹಾಕಿದೆ.

ಅದಕ್ಕೆ ಮೊದಲು ಒಂದು ಸಲ ಮುಖಕ್ಕೆ ಒತ್ತಿಕೊಂಡೆ. ಅಷ್ಟರಲ್ಲಿ ಕ್ಯಾಪ್ಟನಮ್ಮ. "ಏನ್ ಯಜಮಾನ್ರೇ, ಮೂಗಿನ ತುಂಬ ಪೌಡ್ರು? ಹೆಣ್ಣು ನೋಡೋಕ್ ಹೊರಟ್ರಾ?"

"ನೋಡಿ ಆಯ್ತಮ್ಮ. ಒಪ್ಪಿಗೆ ಆಗಿತ್ತು."

ತೊಟ್ಟಿಯ ನೀರು ಹಾಲಿನ ಹಾಗೆ ಆಯಿತು. ಗಾಳಿ ತುಂಬಿದ ಟ್ಯೂಬನ್ನು ಒತ್ತಿ ತಿರುಗಿಸುತ್ತ ಹೋದೆ. ಒಂದು ಕಡೆ ಗುಳ್ಳೆಗಳ ಸಾಲು, ದಾರದ ಹಾಗೆ. ಸೂಜಿಮೊನೆಯಷ್ಟು ತೂತು. ಸುತ್ತ ರಬ್ಬರು ಸವೆದು ತೆಳ್ಳಗಾಗಿದೆ. ಚೂಪಾದದ್ದು ಚುಚ್ಚಿದರೆ ಹೀಗೆ ಸವೆಯುವುದಿಲ್ಲ. ಆದರೂ ರಿಮ್ಮಿನ ಮೇಲೆ ಹತ್ತಿ ಸವರಿದೆ, ಎಲ್ಲೂ ಎಳೆ ಸಿಕ್ಕಿಕೊಳ್ಳಲಿಲ್ಲ. ಟೈರಿನಲ್ಲಿ ಅದೇ ಜಾಗ ಹುಡುಕಿದೆ. ಒಳಗೆಲ್ಲ ಬೆಳ್ಳಗಿದೆ. ಅಲ್ಲಿ ಮಾತ್ರ ಒಂದು ಅಂಗೈಯಗಲ ಕಪ್ಪು. ಪೌಡರ್ ತಾಗಿಯೇ ಇಲ್ಲ.

ಸಾಕು ರೀ, ಅಂದ ಜಾಗ.

ನಗು ಬಂತು. ನಗುತ್ತಲೇ ಇದ್ದೆ, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.

"ಕಾರಣ ಸಿಕ್ತಾ?" ಅಂದರು ಕ್ಯಾಪ್ಟನಮ್ಮ.

"ನಮ್ಮನೆಯವಳು."

ಅವರು ತಮಾಷೆ ಮಾಡಲಿಲ್ಲ. ಪಕ್ಕದಲ್ಲಿ ಡಬ್ಬ ಬೋರಲು ಹಾಕಿ ಕೂತರು. ಎಲ್ಲ ಹೇಳಿದೆ. ಆಮೇಲೆ ಒದ್ದೆ ಬಟ್ಟೆಯಿಂದ ಟೈರಿನ ಒಳಗೂ ಒರೆಸಿದೆ. ಒರೆಸದೆ ಹೊಸದು ಹಾಕುವಂತಿಲ್ಲ.

ಮಾರ್ಚ್ 8, ಸಂಜೆ

ಹೊಸ ಟ್ಯೂಬು. ಸ್ಟೋರಿನಲ್ಲಿ ಈಗ ಪೌಡರ್ ಬೇಕಾದಷ್ಟಿದೆ, ಸೀಮೆಸುಣ್ಣದ ಪುಡಿಯ ಹಾಗೆ, ವಾಸನೆಯಿಲ್ಲ. ಸುತ್ತ ಹಾಕಿದೆ. ಆ ಅಂಗೈಯಗಲ ಜಾಗ ಮಾತ್ರ ಬಿಟ್ಟೆ. ಅದಕ್ಕೆ ಮನೆಯಿಂದ ಇವಳ ಡಬ್ಬಿ ತಂದಿದ್ದೆ. ನಾಲ್ಕು ಸಲ ಕೊಡವಿ ಉಳಿದದ್ದನ್ನು ವಾಪಸ್ ಒಯ್ಯಬೇಕು ಅಂತಲೇ ಇತ್ತು. ಕೊಡವುತ್ತ ಹೋದೆ. ಕಿತ್ತುಕೊಳ್ಳುವವರಿಲ್ಲದಿದ್ದರೆ ಕೈ ಎಲ್ಲಿ ನಿಲ್ಲಬೇಕು? ಡಬ್ಬಿ ಖಾಲಿಯಾದದ್ದೂ ತಿಳಿಯಲಿಲ್ಲ.

"ಸಾಕು ಬಿಡಿ ಯಜಮಾನ್ರೇ" ಅಂದರು ಕ್ಯಾಪ್ಟನಮ್ಮ. ಮೆಲ್ಲಗೆ ಅಂದರು. ಡಬ್ಬಿ ತೆಗೆದುಕೊಂಡು, ಮುಚ್ಚಳ ತಿರುಗಿಸಿ, ನನ್ನ ಜೇಬಿಗೆ ಹಾಕಿದರು.

ಈಗ ಒಬ್ಬರೇ ಮೇಲೆ ಹೋಗಿದ್ದಾರೆ, ಟೆಸ್ಟಿಗೆ. ಶೆಡ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಎಡಚಕ್ರ ನೆಲ ಮುಟ್ಟುವುದನ್ನು ಕಣ್ಣಾರೆ ನೋಡಬೇಕು, ಆಮೇಲೆ ಮನೆಗೆ. ಮನೆಯಲ್ಲಿ ಆ ಮೊಳೆ ಖಾಲಿ. ಶಾಲು ಹುಡುಕಿ ಮತ್ತೆ ಅಲ್ಲೇ ತೂಗುಹಾಕಬೇಕು.

ಸದ್ದು ಹತ್ತಿರ ಬಂತು. ತಿರುಗಿದರು. ಇಳಿಯುತ್ತಿದ್ದಾರೆ, ಹೂವಿನ ಹಾಗೆ... ಎಡಚಕ್ರ ಮೊದಲು ಮುಟ್ಟಿತು. ನಿಂತಿದೆ, ವಾಲಲಿಲ್ಲ. ಮುಟ್ಟಿದ ಕಡೆ ಬೆಳ್ಳಗೆ ಒಂದು ಚೂರು ಎದ್ದಿತು. ಧೂಳೋ, ಟೈರಿನ ಹೊಗೆಯೋ, ಅಥವಾ... ಬೆಳಕು ಹೋಗುತ್ತಿದೆ, ಸರಿಯಾಗಿ