ಹುಣಸೆಮರದ ಬೆಳ್ಳಕ್ಕಿಗಳು

ಪುಟ್ಟೇನಹಳ್ಳಿ, ಯಲಹಂಕ
೧೮ ಆಗಸ್ಟ್ ೨೦೨೪

ಪ್ರೀತಿಯ ಸುಬ್ಬಕ್ಕನಿಗೆ ಪಕ್ಕದ ಮನೆ ದಿಲ್ಶಾದ್ ಮಾಡುವ ಸಲಾಮು.

ಹೆಸರಘಟ್ಟದಲ್ಲಿ ಮಗಳ ಮನೆ ಹೊಂದಿಕೆಯಾಯಿತೇ? ಮಂಡಿನೋವು ಹೇಗಿದೆ? ನೀನು ಊರು ಬಿಟ್ಟ ವಾರವೇ ಬರೀತೀನಿ ಅಂತ ನಾನು ಅಂದಿದ್ದೆ. ಕೂತಾಗಲೆಲ್ಲ ಕೈ ಓಡಲಿಲ್ಲ. ಬೇಜಾರು ಮಾಡ್ಕೋಬೇಡ.

ಈ ಸಲ ಮಳೆ ನಮ್ಮ ಬೀದಿಗೆ ಕೈಬಿಚ್ಚಿ ಕೊಟ್ಟಿತು. ಕೆರೆಯಲ್ಲಿ ಜೊಂಡು ಆಳೆತ್ತರ ಬೆಳೆಯಿತು. ನೇರಳೆ ಉದುರಿ ರಸ್ತೆಯೆಲ್ಲ ನೀಲಿ. ನಿಮ್ಮ ಹುಣಸೆಮರಕ್ಕೆ ಬೆಳ್ಳಕ್ಕಿಗಳು ಬಂದವು. ಬಂದಾಗ ಅಚ್ಚ ಬಿಳುಪು. ಮಳೆ ಹಿಡಿದಂತೆ ತಲೆಗೆ, ಕತ್ತಿಗೆ ಅರಿಶಿನ ಬಳಿದುಕೊಂಡ ಹಾಗೆ ಬಣ್ಣ ಏರಿತು. ಕೊಂಬೆಗೊಂದು ಗೂಡು. ಜುಲೈ ಹೊತ್ತಿಗೆ ಮರವೆಲ್ಲ ಮರಿಗಳ ಗಲಾಟೆ. ತಾರಸಿ ಮೇಲೆ ನಿಂತು ನೋಡುತ್ತಿದ್ದರೆ ಕೈಯಲ್ಲಿದ್ದ ಕಾಫಿ ಆರಿಹೋಗುತ್ತಿತ್ತು.

ನಿನ್ನ ಮಗ ಗಿರಿ ನಿಮ್ಮ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಏಳಿಸುತ್ತಿದ್ದಾನಲ್ಲ, ಒಂದು ಬೆಳಿಗ್ಗೆ ಗರಗಸದವರನ್ನು ಕರೆತಂದ. ಚಪ್ಪಲಿಯೂ ಹಾಕದೆ ಓಡಿದೆ.

"ಮರಿಗಳಿಗೆ ರೆಕ್ಕೆ ಬಲೀಲಿ ಕಣಪ್ಪಾ. ಸ್ವಲ್ಪ ದಿನ ತಡಿ, ಆಮೇಲೆ ಕಡಿ."

"ಬೆಳ್ಳಕ್ಕಿಗೆ ನೋಟಿಸ್ ಕೊಟ್ಟು ಖಾಲಿ ಮಾಡ್ಸಕ್ಕಾಗುತ್ತಾ ಆಂಟಿ? ಆಚೆ ಬನ್ನಿ, ಕೊಂಬೆ ಬೀಳುತ್ತೆ."

ಬುಡಕ್ಕೆ ಒರಗಿ ನಿಂತೆ. ನಾನೇ ಅಕ್ಷರ ತಿದ್ದಿಸಿದ ಹುಡುಗ, ರಟ್ಟೆ ಹಿಡಿದು ಗೇಟಿನಾಚೆ ತಂದುಬಿಟ್ಟ.

ಮರ ಉರುಳಿತು. ಟಾರಿನ ಮೇಲೆ ಬಿದ್ದ ಮರಿಗಳಲ್ಲಿ ಕೆಲವು ಅಲ್ಲೇ ಸತ್ತವು. ಮಿಕ್ಕವು ನನ್ನನ್ನು ಕಂಡು ಬಾಯಿ ತೆರೆದವು, ತಿನ್ನಲು ತಂದಿದ್ದೇನೆ ಅಂದುಕೊಂಡು. ಅಷ್ಟರಲ್ಲಿ ನಾಯಿಗಳು ಬಂದವು. ದುಪಟ್ಟಾದಲ್ಲಿ ಬಾಚಿ ತಂದವೂ ಬೆಳಗಾಗುವವರೆಗೆ ಉಳಿಯಲಿಲ್ಲ. ಸಂಜೆ ತಾಯಿಹಕ್ಕಿಗಳು ಕೊಕ್ಕಿನಲ್ಲಿ ಕಪ್ಪೆ ಕಚ್ಚಿಕೊಂಡು ಬಂದು, ಕೊಂಬೆ ಇದ್ದ ಜಾಗದಲ್ಲಿ ಸುತ್ತಿ ಸುತ್ತಿ ಕೂಗಿದವು. ಮಾರನೇ ದಿನವೂ ಬಂದವು. ಮೇಸ್ತ್ರಿಗಳು ಕಲ್ಲು ಬೀಸಿ ಓಡಿಸಿದರು.

ಇರಲಿ. ನಿನ್ನ ಮಂಡಿ ಬೇಗ ವಾಸಿಯಾಗಲಿ. ನಿನ್ನ ಮೊಮ್ಮಕ್ಕಳನ್ನು ಅಲ್ಲಾಹ್ ತಣ್ಣಗೆ ಇಟ್ಟಿರಲಿ.

ಇಂತಿ,
ದಿಲ್ಶಾದ್

ತಾ.ಕ.: ಗರಗಸ ಹಚ್ಚುವ ಮುಂಚೆ ಗಿರಿ ಒಂದು ಗಳಿಗೆ ಅಳುಕಿದ, ಸುಬ್ಬಕ್ಕಾ. ನಿನಗೇ ಫೋನ್ ಮಾಡಿ, ಸ್ಪೀಕರ್ ಹಾಕಿ, "ದಿಲ್ಶಾದ್ ಆಂಟಿ ಅಳ್ತಾವ್ರೆ, ಏನ್ ಮಾಡ್ಲವ್ವಾ?" ಅಂತ ಕೇಳಿದ. "ಮಕ್ಳಿಲ್ದೋಳು, ಅಕ್ಕಿಮರಿಗಾದ್ರೂ ಅಳ್ಲಿ ಬುಡು. ನೀವ್ ಕಡೀರಿ" ಅಂದೆ ನೀನು. ನಾನು ಪಕ್ಕದಲ್ಲೇ ನಿಂತಿದ್ದೆ. ಗರಗಸದವರೂ ನಕ್ಕರು. ಈ ಕಾಗದಕ್ಕೆ ಉತ್ತರ ಬರೆಯಬೇಡ.