ಮಾವನ ಬಲಗೈ ಸಾಮು

ಯಗಟಿ
೧೨-೨-೧೯೭೯, ಸೋಮವಾರ

ಪ್ರೀತಿಯ ನಮ್ಮೋರಿಗೆ,

ನಿಮ್ಮ ಕರಿಬಸಮ್ಮ ಮಾಡುವ ನಮಸ್ಕಾರಗಳು. ನಿಮ್ಮ ಮೈ ಹೇಗಿದೆ? ಹೋದ ಪತ್ರದಲ್ಲಿ ಅಲ್ಲಿ ಹಿಮ ಬೀಳುತ್ತಿದೆ, ತುಟಿ ಒಡೆದು ಮಾತಾಡಿದರೆ ರಕ್ತ ಬರುತ್ತದೆ ಎಂದು ಬರೆದಿದ್ದಿರಿ. ಅದನ್ನು ಓದಿ ಹೇಳಿದಾಗ ಅತ್ತೆ, "ಬೆಣ್ಣೆ ಹಚ್ಕಳಾಕೆ ಹೇಳವ್ವ" ಅಂದರು. ಮಿಲಿಟರಿಯಲ್ಲಿ ಬೆಣ್ಣೆ ಎಲ್ಲಿಂದ ತರುತ್ತೀರಿ ಅನ್ನುವುದು ಅವರಿಗೆ ಹೊಳೆಯಲಿಲ್ಲ. ಕಳಿಸಿದ ಕಂಬಳಿ ತಲುಪಿತೇ? ಅದರ ಅಂಚಿನಲ್ಲಿ ಒಂದು ಕಡೆ ನೂಲು ದಪ್ಪವಾಗಿ, ಗಂಟುಗಂಟಾಗಿ ಬಂದಿದೆ. ಅದನ್ನು ನೂತವರು ಯಾರು ಎಂದು ಮುಂದೆ ಹೇಳುತ್ತೇನೆ. ಮಗಳು ಚೆನ್ನಾಗಿದ್ದಾಳೆ. ಇಪ್ಪತ್ತರವರೆಗೆ ಎಣಿಸುತ್ತಾಳೆ, ಆದರೆ ಹನ್ನೊಂದಾದ ಮೇಲೆ ನೇರ ಹದಿನಾರಕ್ಕೆ ಹಾರುತ್ತಾಳೆ. ತಿದ್ದಿದರೆ ಅಳುತ್ತಾಳೆ, ಅದಕ್ಕೇ ಬಿಟ್ಟಿದ್ದೇವೆ.

ಈಗ ನಿಜ ಹೇಳುತ್ತೇನೆ. ಈ ಐದು ತಿಂಗಳಲ್ಲಿ ಬರೆದ ಪ್ರತಿ ಪತ್ರದಲ್ಲೂ ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದೆ. ಅದು ಸುಳ್ಳು. ನಿಂತುಕೊಂಡು ಓದುತ್ತಿದ್ದರೆ ಒಂದು ಕಡೆ ಕೂತುಕೊಳ್ಳಿ. ಗಾಬರಿಯಾಗಬೇಡಿ, ಮಾವ ಈಗ ಪರವಾಗಿಲ್ಲ, ಇವತ್ತು ಬೆಳಿಗ್ಗೆ ತಾವೇ ಮುದ್ದೆ ಮುರಿದು ಉಂಡಿದ್ದಾರೆ. ಆದರೆ ಗೌರಿ ಹಬ್ಬ ಕಳೆದ ವಾರಕ್ಕೆ ಅವರಿಗೆ ಲಕ್ವ ಹೊಡೆಯಿತು. ಗರಡಿಯಲ್ಲಿ ದಂಡ ಹೊಡೆಯುತ್ತಿದ್ದಾಗಲೇ ಬಲಗೈ ಮಡಚಿಕೊಂಡು ಮಟ್ಟಿಯ ಮಣ್ಣಿನ ಮೇಲೆ ಮುಖ ಅಡಿಯಾಗಿ ಬಿದ್ದರಂತೆ. ಗರಡಿಯ ಹನುಮಂತಯ್ಯ ಮತ್ತೆ ಇನ್ನಿಬ್ಬರು ಬಾಗಿಲ ಹಲಗೆ ಕಿತ್ತು ಅದರ ಮೇಲೆ ಮಲಗಿಸಿಕೊಂಡು ಬಸ್ಸಿಗೆ ತಂದರು. ಕಡೂರಿನ ದೊಡ್ಡಾಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದೆವು. ಬಲಗೈ ಬಲಗಾಲು ಎರಡೂ ಹೋಗಿದ್ದವು, ಬಾಯಿ ಸ್ವಲ್ಪ ಸೊಟ್ಟಗಾಗಿತ್ತು. ಮೂರನೆಯ ದಿನ ಮಾತು ಬಂತು. ಬಂದ ಮೊದಲ ಮಾತೇ ನಿಮ್ಮ ಹೆಸರು ಹಿಡಿದು, "ಲಕ್ಕಂಗೆ ತಿಳಿಸ್ಬ್ಯಾಡಿ." ನಾನು ತಂತಿ ಕೊಡೋಣ ಎಂದು ಅಳುತ್ತಿದ್ದೆ. ಅತ್ತೆ ನನ್ನ ಕೈ ಹಿಡಿದು, "ಅವರ ಮಾತು ಮೀರಿದ್ರೆ ಇರೋ ಉಸುರೂ ಬಿಟ್ಟಾರು ಕಣವ್ವ" ಅಂದರು. ಹಾಗಾಗಿ ತಿಳಿಸಲಿಲ್ಲ. ನೀವು ಏನು ಬೈದರೂ ಬೈಸಿಕೊಳ್ಳುತ್ತೇನೆ.

ಯಾಕೆ ಬೇಡ ಅಂದರು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕಡೂರಿನ ಕುಸ್ತಿಯಲ್ಲಿ ನೀವು ತರೀಕೆರೆಯ ತೀರ್ಥಪ್ಪನ ಕೈಲಿ ಸೋತು ಬಂದ ಸಂಜೆ ನಾನು ಒಲೆ ಮುಂದೆ ಕೂತು ಎಲ್ಲ ಕೇಳಿಸಿಕೊಂಡೆ. "ಏಳು ವರ್ಷದಿಂದ ಅದೇ ಮುನ್ನೂರು ದಂಡ, ಅದೇ ಐನೂರು ಬಸ್ಕಿ. ಮೈ ಅದಕ್ಕೆ ಒಗ್ಗೋಗೈತೆ ಅಪ್ಪಾ. ಕಲ್ಲು ಎತ್ತನ, ಹಗ್ಗ ಹತ್ತನ, ಏನಾರ ಬದಲಾಯ್ಸನ" ಅಂದಿರಿ ನೀವು. "ಬದಲಾಗಿರೋದು ನಿನ್ನ ಮನಸ್ಸು ಕಣೋ, ಮೈಯಲ್ಲ. ನಮ್ಮಪ್ಪ ಹಾಕಿಕೊಟ್ಟ ಲೆಕ್ಕ ಅದು" ಅಂದರು ಅವರು. ಮುಂದಿನ ತಿಂಗಳೇ ನೀವು ಸೈನ್ಯಕ್ಕೆ ಹೋದಿರಿ. ಹೋದ ವರ್ಷ ರಜೆಗೆ ಬಂದು ಒಂದೂವರೆ ತಿಂಗಳು ಇದ್ದಾಗಲೂ, "ಅವನಿಗೆ ಇನ್ನೊಂದು ಮುದ್ದೆ ಇಕ್ಕು" ಎಂದು ಅವರು, "ಅಪ್ಪನಿಗೆ ನೀರು ಕೊಡಮ್ಮ" ಎಂದು ನೀವು. ಪಕ್ಕಪಕ್ಕದಲ್ಲಿ ಕೂತು ಉಂಡ ಅಪ್ಪ ಮಗ ಅತ್ತೆಯ ಬಾಯಿಂದಲೇ ಮಾತಾಡಿದಿರಿ. ಅಂಥ ಮಗನಿಗೆ ಜೋತುಬಿದ್ದ ಕೈ ತೋರಿಸಲು ಅವರ ಮನಸ್ಸು ಒಪ್ಪಲಿಲ್ಲ.

ಊರಿಗೆ ಹೊರಡುವಾಗ ಡಾಕ್ಟರು, "ಕೈಕಾಲು ಆಡಿಸುವುದನ್ನು ಮಾತ್ರ ಬಿಡಬೇಡಿ. ಬಿಟ್ಟರೆ ಹಾಗೇ ಉಳಿದುಬಿಡುತ್ತೆ" ಅಂದಿದ್ದರು. ಮಾವ ಅದನ್ನು ಗರಡಿಯ ವ್ರತದ ಹಾಗೆ ಹಿಡಿದರು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಮೇಲಕ್ಕೆತ್ತುವುದು, ಇಳಿಸುವುದು. ದಿನಕ್ಕೆ ಐನೂರು. ಮೊದಲ ತಿಂಗಳು ಕೈ ಸೊಂಟದಿಂದ ಎದೆಯ ಮಟ್ಟಕ್ಕೆ ತಾನೇ ಎದ್ದಿತು. ಅತ್ತೆ ಬೀರದೇವರಿಗೆ ಕಾಯಿ ಒಡೆಸಿದರು. ಆದರೆ ಕೈ ಅಲ್ಲಿಗೇ ನಿಂತುಬಿಟ್ಟಿತು. ದೀಪಾವಳಿ ಬಂತು, ಹೋಯಿತು, ಎದೆಯ ಮೇಲಕ್ಕೆ ಒಂದು ಬೆರಳಷ್ಟೂ ಏರಲಿಲ್ಲ. ಐನೂರನ್ನು ಸಾವಿರ ಮಾಡಿದರು. ಭುಜ ಊದಿಕೊಂಡಿತು. ಬೆರಳಿಗಂತೂ ಏನೇನೂ ಬರಲಿಲ್ಲ, ಒಂದು ಎಲೆ ಅಡಿಕೆ ಹಿಡಿಯಲು ಆಗುತ್ತಿರಲಿಲ್ಲ. ಒಂದು ದಿನ ಗೋಡೆ ಕಡೆ ತಿರುಗಿ ಮಲಗಿದವರು, "ಸಾಕು ಕಣೇ ಈರಕ್ಕ. ಇಷ್ಟೇ ಇದು" ಅಂದರು. ಅವರು ಅತ್ತೆಯ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದೇ ಅವತ್ತು. ಅತ್ತೆ ಹಿತ್ತಿಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು.

ಆಗ ನನಗೆ ನೀವು ಟ್ರೈನಿಂಗಿನಿಂದ ಬರೆದಿದ್ದ ಹಳೆಯ ಪತ್ರ ನೆನಪಾಯಿತು. ಟ್ರಂಕಿನಿಂದ ತೆಗೆದು ಮತ್ತೆ ಓದಿದೆ. "ಇಲ್ಲಿ ಕೆಲವು ವಾರ ಓಟ ಹೆಚ್ಚು, ಆಮೇಲೆ ಹಗ್ಗ ಹತ್ತುವುದು, ಆಮೇಲೆ ಮರಳುಮೂಟೆ ಹೊತ್ತು ಗುಡ್ಡ ಏರುವುದು. ಊರಲ್ಲಿ ಏಳು ವರ್ಷ ಬಾರದ ಕಸುವು ಆರು ತಿಂಗಳಲ್ಲಿ ಬಂತು. ಅಪ್ಪನಿಗೆ ಹೇಳಬೇಡ." ಹೇಳಲಿಲ್ಲ ನಾನು. ಆದರೆ ಮಾವನ ಕೈಗೂ ಹಾಗೇ ಬದಲಾಯಿಸಿ ಮಾಡಿಸಿದರೆ ಹೇಗೆ ಅನ್ನಿಸಿತು. ಮಾವನ ಎದುರು ತಲೆ ಎತ್ತಿ ಮಾತಾಡಿದವಳಲ್ಲ ನಾನು, ಸಾಮು ಹೇಳಿಕೊಡುವುದಂತೂ ದೂರದ ಮಾತು. ಅದಕ್ಕೆ ಮಗಳನ್ನು ಮುಂದೆ ಬಿಟ್ಟೆ. "ತಾತ, ನಂಗೆ ಉಣ್ಣೆ ಹಿಂಜಿಕೊಡು" ಅಂದಳು. ಮಗು ಕೇಳಿದ್ದಕ್ಕೆ ಇಲ್ಲವೆನ್ನಲಾರದೆ ಎದ್ದು ಕೂತರು. ಒಂದು ದಿನ ಉಣ್ಣೆ, ಮಾರನೆಯ ದಿನ ನೂಲುವ ಕದಿರು ತಿರುಗಿಸುವುದು, ಅದರ ಮಾರನೆಯ ದಿನ ರಾಗಿ ಹಿಟ್ಟು ನಾದುವುದು. ಮಜ್ಜಿಗೆ ಕಡೆಯುವ ಹಗ್ಗದ ಒಂದು ತುದಿ ಅತ್ತೆ ಹಿಡಿದು, ಇನ್ನೊಂದು ತುದಿ ಅವರ ಕೈಗೆ ಸುತ್ತಿದಾಗ, "ಮೊದ್ಲು ಬಾಗ್ಲು ಹಾಕು, ಯಾರಾರ ನೋಡ್ಯಾರು" ಅಂದರು. ನಿಮ್ಮ ಕಂಬಳಿಯ ಅಂಚಿನಲ್ಲಿರುವ ಗಂಟು ನೂಲು ಅವರದೇ. ಬಿಚ್ಚಿ ಮತ್ತೆ ನೂಲೋಣ ಎಂದು ಅತ್ತೆ ಅಂದರು, ನಾನೇ ಬಿಡಲಿಲ್ಲ.

ಹತ್ತು ದಿನ ಹೀಗೆ ನಡೆಯಿತು. ಏನೂ ಆಗಲಿಲ್ಲ. ಮೈಕೈ ನೋವು ಮಾತ್ರ ಹೆಚ್ಚಾಯಿತು. ನಾನು ಮಾಡಿದ್ದು ತಪ್ಪಾಯಿತೇನೋ ಎಂದು ಒಳಗೊಳಗೇ ಹೆದರಿದೆ. ಹನ್ನೊಂದನೆಯ ದಿನ ಅವರೆಕಾಳು ನೆನೆಸಿ ಮೊರದಲ್ಲಿಟ್ಟು, ಹಿತುಕಲು ಕೂತುಕೊಳ್ಳಿ ಎಂದು ಮಗಳ ಕೈಲಿ ಹೇಳಿಸಿದೆ. ಮಾವ ಮೊರ ಪಕ್ಕಕ್ಕೆ ತಳ್ಳಿ ನನ್ನನ್ನೇ ಕೂಗಿದರು. "ಬಾರವ್ವ ಇಲ್ಲಿ. ಕಂಬದ ಹಿಂದೆ ನಿಂತ್ಕಬ್ಯಾಡ. ನನಗೆ ಸಾಮು ಮಾಡಿಸ್ತಾ ಇದ್ದೀಯಾ ನೀನು?" ಮುಂದೆ ಬಂದೆ. ಹೂಂ ಅಂದೆ. ಮಾವ, "ಮಾಡ್ಸು. ಆದ್ರೆ ಹಿಂಗಲ್ಲ. ದಿನಕ್ಕೊಂದು ಪಟ್ಟು ಹೇಳಿಕೊಟ್ರೆ ಒಂದೂ ಹತ್ತಾಕಿಲ್ಲ. ಒಂದು ಹಿಡಿದ್ರೆ ಇಪ್ಪತ್ತು ದಿನ ಬಿಡಬಾರ್ದು. ಮೈ ಅದನ್ನ ಕಲೀಬೇಕು. ಕಲಿತ ಮೇಲೆ ಬ್ಯಾರೇದು ಹಿಡೀಬೇಕು" ಅಂದರು. ನೀವು ಅವತ್ತು ಅಂದಿದ್ದ ಆ ಕೊನೆಯ ಮಾತು ತಮ್ಮ ಬಾಯಿಂದಲೇ ಬಂದದ್ದು ಅವರಿಗೂ ಗೊತ್ತಾಯಿತು. ನನ್ನ ಮುಖ ನೋಡಿ, ಕೆಳಗೆ ನೋಡಿ, ಮೊರ ಹತ್ತಿರ ಎಳೆದುಕೊಂಡರು. ಅವತ್ತು ಸಂಜೆಯವರೆಗೆ ಅವರು ಹಿತುಕಿದ್ದು ಒಂಬತ್ತು ಕಾಳು. ಹತ್ತನೆಯದು ಚಿಮ್ಮಿ ಅತ್ತೆಯ ಕೆನ್ನೆಗೆ ಬಡಿಯಿತು. ಲಕ್ವ ಹೊಡೆದ ಮೇಲೆ ಮಾವ ಮೊದಲ ಸಲ ನಕ್ಕರು.

ಅಲ್ಲಿಂದ ಮುಂದೆ ಹೇಳಿಕೊಡುವ ಉಸ್ತಾದರೂ ಅವರೇ, ಕಲಿಯುವವರೂ ಅವರೇ. ಇಪ್ಪತ್ತು ದಿನ ಅವರೆಕಾಳು ಮತ್ತು ಕದಿರು, ಬೆರಳಿಗೆ. ಆಮೇಲೆ ಇಪ್ಪತ್ತು ದಿನ ಮಜ್ಜಿಗೆ ಹಗ್ಗ ಮತ್ತು ಹಿಟ್ಟು, ಭುಜಕ್ಕೆ. ಎರಡರಲ್ಲೂ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು. ಭಾನುವಾರ ಏನೂ ಇಲ್ಲ. "ಒಬ್ಬನೇ ಸಾಮು ಮಾಡಿದ್ರೆ ಸೋಮಾರಿತನ ಬತ್ತದೆ, ನೀನೂ ಬಸ್ಕಿ ಹೊಡಿ, ಎಣಿಕೆ ನಾನು ಹಾಕ್ತೀನಿ" ಎಂದು ನನ್ನನ್ನೂ ಹಿಡಿದು ಹಾಕಿದರು! ಹಿತ್ತಿಲಲ್ಲಿ ಸೀರೆ ಎತ್ತಿಕಟ್ಟಿ ನಾನು ಕೂತು ಏಳುವುದು, ಒಳಗಿನಿಂದ ಮಾವನ ಎಣಿಕೆ, ಜೊತೆಗೆ ಮಗಳ ಹದಿನಾರು. ನನಗೆ ನಾಚಿಕೆಯಾಗಿ ಸಾಯುವ ಹಾಗಾಯಿತು. ಈಗ ಹೇಳಲೇ? ಎರಡು ಕೊಡ ನೀರು ಹೊತ್ತು ಉಸಿರು ಕಟ್ಟದೆ ಬರುತ್ತೇನೆ. ಹೆರಿಗೆಯಾದಾಗಿನಿಂದ ಇದ್ದ ಸೊಂಟನೋವು ಹೋಗಿದೆ. ರವಿಕೆಯ ಸೊಂಟ ಸಡಿಲ, ತೋಳು ಬಿಗಿ. ಅತ್ತೆ ಊರಿಗೆಲ್ಲ, "ಬುಕ್ಕಾಂಬುದಿಯಿಂದ ಸೊಸೆ ತರಾಕೆ ಹೋಗಿ ಪೈಲ್ವಾನ್ನ ತಂದ್ವಿ" ಎಂದು ಹೇಳಿಕೊಂಡು ತಿರುಗುತ್ತಾರೆ. ಬಂದಾಗ ನೀವು ನಗಬಾರದು. ನಕ್ಕರೆ ಎತ್ತಿ ಹಾಕುತ್ತೇನೆ.

ಸಂಕ್ರಾಂತಿಯ ದಿನ ಮಾವನ ಕೈ ಕಿವಿಯ ಮೇಲಕ್ಕೆ ಹೋಯಿತು. ತಾವೇ ರುಮಾಲು ಸುತ್ತಿಕೊಂಡರು. ಸೊಟ್ಟಗೆ ಸುತ್ತಿದ್ದರು, ಯಾರೂ ಸರಿಮಾಡಲಿಲ್ಲ. ಅತ್ತೆ ಎಳ್ಳು ಬೀರಲು ಹೋಗಿದ್ದರು. ಅವತ್ತು ಇನ್ನು ಮುಚ್ಚಿಡಲಾರದೆ, "ಇದು ನನ್ನ ಬುದ್ಧಿ ಅಲ್ಲ ಮಾವ, ನಿಮ್ಮ ಮಗ ಬರೆದಿದ್ದು" ಎಂದೆ. ಪತ್ರ ತರಿಸಿ ಓದಿಸಿದರು. "ಅಪ್ಪನಿಗೆ ಹೇಳಬೇಡ" ಅನ್ನುವುದಕ್ಕೆ ಮುಂಚೆಯೇ ನಾನು ನಿಲ್ಲಿಸಿದ್ದೆ. "ಮುಂದೆ ಐತೆ, ಓದು" ಅಂದರು. ಓದಿದೆ. "ಯಾಕಂತೆ ಹೇಳ್ಬಾರ್ದು?" ಎಂದು ಕೇಳಿದರು. ಅದನ್ನೂ ನೀವು ಬರೆದಿದ್ದಿರಿ, ಓದಿದೆ: "ಅಪ್ಪ ಕೊಟ್ಟ ಮುನ್ನೂರು ದಂಡ ಇಲ್ಲದಿದ್ದರೆ ಇಲ್ಲಿ ಮೊದಲ ವಾರವೇ ಉದುರಿಹೋಗುತ್ತಿದ್ದೆ. ಅದನ್ನು ಹೇಳದೆ ಇದನ್ನು ಮಾತ್ರ ಹೇಳಿದರೆ ನೊಂದುಕೊಳ್ಳುತ್ತಾರೆ. ಎರಡನ್ನೂ ಎದುರಿಗೇ ಹೇಳಬೇಕು, ನನಗೆ ಬಾಯಿ ಬರುತ್ತಿಲ್ಲ." ಮಾವ ಕಣ್ಣು ಒರೆಸಿಕೊಂಡದ್ದು ಬಲಗೈಯಲ್ಲಿ. ಅದು ಅವರ ಅರಿವಿಗೂ ಬಂದ ಹಾಗೆ ಕಾಣಲಿಲ್ಲ.

ಮಾರನೆಯ ದಿನ ಕೋಲು ಊರಿಕೊಂಡು ಗರಡಿಗೆ ಹೋದರು. ಹನುಮಂತಯ್ಯ ಬಂದು ಹೇಳಿದ್ದು ಇದು: ಹುಡುಗರನ್ನೆಲ್ಲ ಕೂರಿಸಿ, "ಇನ್ಮೇಲೆ ಮೂರು ವಾರ ದಂಡ ಬಸ್ಕಿ, ಮೂರು ವಾರ ಗುಂಡುಕಲ್ಲು, ಮೂರು ವಾರ ಹಗ್ಗ. ಇದು ನಂದಲ್ಲ, ನನ್ನ ಮಗಂದು. ಇದನ್ನ ನಾನು ಮೊದ್ಲೇ ಮಾಡ್ಸಿದ್ರೆ ಅವನು ಕಡೂರಲ್ಲಿ ಸೋಲ್ತಿರ್ಲಿಲ್ಲ" ಅಂದರಂತೆ. ಇದನ್ನು ನಿಮಗೆ ಬರೆಯಲು ಅವರಿಂದ ಅಪ್ಪಣೆ ಪಡೆಯಲು ನನಗೆ ಇನ್ನೊಂದು ತಿಂಗಳು ಹಿಡಿಯಿತು. ಪೂರ್ತಿ ಮೊದಲಿನಂತೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಬಲಗಾಲು ಎಳೆಯುತ್ತದೆ, ಸಂಜೆ ಹೊತ್ತಿಗೆ ಮಾತು ತೊದಲುತ್ತದೆ. ಅದನ್ನೂ ನೀವು ತಿಳಿದಿರಬೇಕು.

ಅತ್ತೆ ನಿಮಗೆ ನೂರು ವರ್ಷ ಆಯಸ್ಸು ಕೋರಿ ದೃಷ್ಟಿ ತೆಗೆದಿದ್ದಾರೆ, ಕಾಗದಕ್ಕೇ. ಮೂಲೆಯಲ್ಲಿ ಮಸಿ ಆಗಿರುವುದು ಅದಕ್ಕೆ. ಮಗಳ ಮುತ್ತು. ಮೈ ಬೆಚ್ಚಗಿಟ್ಟುಕೊಳ್ಳಿ, ತುಟಿ ಕಚ್ಚಬೇಡಿ.

ಇಂತಿ ನಿಮ್ಮವಳು,
ಕರಿಬಸಮ್ಮ

ತಾ.ಕ.: ಟಪಾಲು ಬಸ್ಸು ಬರುವ ಹೊತ್ತಾಯಿತು, ಅಕ್ಷರ ಸೊಟ್ಟಗಾದರೆ ಮನ್ನಿಸಿ. ಲಕೋಟೆ ಅಂಟಿಸುವಾಗ ಮಾವ ಕೂಗಿದರು. "ಬಾ ಅಂತ ನಾನು ಹೇಳ್ದೆ ಅಂತ ಬರೀಬ್ಯಾಡ. ಅವನು ಬಂದ್ರೆ ನಾನು ಎದ್ದು ನಿಂತ್ಕಂತೀನಿ, ಹಂಗಂತ ಬರಿ" ಅಂದರು. ಅತ್ತೆ, "ಮಗನಿಗೆ ಅಪ್ಪ ಎದ್ದು ನಿಲ್ಲೋದು ಎಲ್ಲೈತೆ?" ಅಂದರೆ, "ಉಸ್ತಾದ್ ಒಳಕ್ಕೆ ಬಂದಾಗ ಕೂತಿರಬಾರ್ದು ಕಣೇ" ಅಂದರು. ಎರಡು ದಿನದಿಂದ ಜಗಲಿಯಿಂದ ಏಳುವ ಸಾಮು ಹಿಡಿದಿದ್ದಾರೆ. ಕಂಬ ಹಿಡಿದರೆ ಏಳುತ್ತಾರೆ, ಬಿಟ್ಟರೆ ಇನ್ನೂ ಆಗುತ್ತಿಲ್ಲ. ಇಪ್ಪತ್ತು ದಿನದಲ್ಲಿ ಆದೀತು. ರಜೆಯ ಅರ್ಜಿ ಇವತ್ತೇ ಹಾಕಿ.