ಭೈರಿಯ ಮೊಣಕಾಲು

ಕಾಸರಕೋಡ, ಹೊನ್ನಾವರ
ತಾ. ೧೬-೯-೨೦೦೩

ಪ್ರೀತಿಯ ನರ್ಮದಾ,

ನಾವೆಲ್ಲ ಇಲ್ಲಿ ಹುಷಾರಾಗಿದ್ದೇವೆ. ನೀನೂ ಭಟ್ಕಳದಲ್ಲಿ ಹುಷಾರು ಅಂತ ತಿಳ್ಕೊಂಡು ಬರೀತಾ ಇದ್ದೇನೆ. ನಿನ್ನ ಕಾಗದ ಚೌತಿಗೆ ಮೊದಲೇ ಬಂದಿತ್ತು. ಉತ್ತರ ತಡ ಆತು, ಬೇಜಾರು ಮಾಡ್ಕೊಬೇಡ. ಎರಡು ಸಲ ಬರೆದು ಹರಿದು ಹಾಕಿದೆ, ಎರಡರಲ್ಲೂ ಬೈಗುಳ ಜಾಸ್ತಿ ಆಗಿತ್ತು. ಇದರಲ್ಲೂ ಕಮ್ಮಿ ಇಲ್ಲ, ಆದರೆ ಇದನ್ನು ಹರಿಯೂದಿಲ್ಲ.

ಮೊದಲು ಮನೆ ಸುದ್ದಿ. ಚೌತಿಯ ರವಿಕೆಗಳನ್ನೆಲ್ಲ ಹೊಲಿದು ಕೊಟ್ಟೆ. ಸ್ಕೂಟರಿಂದ ಬಿದ್ದ ಮೇಲೆ ಬಲಗಾಲು ಮಡಚೂದಿಲ್ಲ ನೋಡು, ಮಿಷನ್ ಎಡಗಾಲಲ್ಲೇ ತುಳೀತೇನೆ. ಶುರುವಿಗೆ ಹೊಲಿಗೆ ಸೊಟ್ಟ ಬರ್ತಿತ್ತು, ಈಗ ಇಲ್ಲ. ಅಮ್ಮ ಮಾತ್ರ ಬಂದವರೆದುರು ಇನ್ನು ಸ್ವಲ್ಪ ದಿನ, ಎಲ್ಲ ಸರಿ ಆಗ್ತದೆ ಅಂತಲೇ ಹೇಳ್ತಾಳೆ. ಡಾಕ್ಟರು ಆಗೂದಿಲ್ಲ ಅಂದದ್ದನ್ನು ಅವಳೂ ನನ್ನ ಪಕ್ಕದಲ್ಲೇ ಕೂತು ಕೇಳಿದ್ದಾಳೆ.

ಈಗ ಸಿಟ್ಟಿನ ವಿಷಯ. ನಮ್ಮ ಆಟದ ಕಾನೂನು ಬದಲಿಸಲಿಕ್ಕೆ ನಿನಗೆ ಯಾರು ಹೇಳಿದ್ದು ಮಾರಾಯ್ತಿ?

ದಿನಕರಣ್ಣ ಮುಂಬೈಯಿಂದ ಆ ಆಟದ ಝೆರಾಕ್ಸ್ ಪುಸ್ತಕ ತಂದು, ಒಬ್ಬರು ಕಥೆ ನಡೆಸೂದು, ಉಳಿದವರು ಒಂದೊಂದು ಪಾತ್ರ ಆಗೂದು, ಏಟು ಬಿತ್ತಾ ತಪ್ಪಿತಾ ಅಂತ ದಾಳ ಹೇಳ್ತದೆ ಅಂದಾಗ ನಾವು ಎಷ್ಟು ನಕ್ಕಿದ್ದೆವು. ಆಮೇಲೆ ನೀನೇ ಪುಸ್ತಕದ ಹಿಮದ ಬೆಟ್ಟವನ್ನೆಲ್ಲ ತೆಗೆದು, ಶರಾವತಿ ಕಡಲಿಗೆ ಸೇರುವಲ್ಲಿ ಕಾಳುಮೆಣಸು ತುಂಬಿಡುವ ಒಂದು ಕೋಟೆ ಕಟ್ಟಿ ಕಥೆ ನಡೆಸಿದೆ. ಅದರ ಬಾಗಿಲು ಕಾಯುವ ಭೈರಿ ನಾನಾದೆ. ಗಾಯದ ಪಟ್ಟಿ ಬರೆದವ ಮೋಹನ. ಮೆಡಿಕಲ್ ಶಾಪಿನವ ಅಲ್ದಾ, ಎಲುಬು ಮುರಿದರೆ ಮೂರು ತಿಂಗಳು ಏಳುವಂತಿಲ್ಲ, ಕೀವಾದರೆ ಜ್ವರ, ನೋವಿದ್ದಷ್ಟು ದಿನ ದಾಳಕ್ಕೆ ಬಿದ್ದ ಅಂಕೆಯಿಂದ ನೋವಿನ ಲೆಕ್ಕ ಕಳೆಯಬೇಕು, ಒಂದಾ ಎರಡಾ ಅವನ ಕಾನೂನು. ರಾಕ್ಷಸನನ್ನು ಕೊಂದವಳಿಗೂ ಧನುರ್ವಾಯುವಿನ ಇಂಜೆಕ್ಷನ್ ಚುಚ್ತಾನೆ ಅಂತ ಅವನನ್ನು ಗೋಳು ಹೊಯ್ಕೊಂಡದ್ದೇ ಹೊಯ್ಕೊಂಡದ್ದು. ಆಗ ಅವನ ಪರ ನಿಂತವಳು ನೀನು. ಏಟಿಗೆ ಬೆಲೆ ಇಲ್ಲದಿದ್ದರೆ ಧೈರ್ಯಕ್ಕೂ ಬೆಲೆ ಇಲ್ಲ ಅಂದಿದ್ದೆ.

ಅದೇ ನೀನು ಈಗ ಬರೀತೀಯ, ಇದು ವೀರರ ಕಥೆ, ಆಸ್ಪತ್ರೆಯ ಕಥೆ ಅಲ್ಲ, ಇನ್ನು ಮೇಲೆ ಎಂಥಾ ಗಾಯವಾದರೂ ಒಂದು ರಾತ್ರಿ ಮಲಗಿ ಎದ್ದರೆ ವಾಸಿ ಅಂತ.

ಮೊನ್ನೆ ಆದಿತ್ಯವಾರ ನಮ್ಮ ಜಗಲಿಯಲ್ಲೇ ಆಡಿದೆವು. ನೀನಿಲ್ಲ ಅಂತ ದಿನಕರಣ್ಣನೇ ಕಥೆ ನಡೆಸಿದ. ಕಡಲುಗಳ್ಳರು ಕೋಟೆಗೆ ನುಗ್ಗಿದರು, ಭೈರಿಗೆ ಈಟಿ ತಾಗಿತು. ಎಲ್ಲಿಗೆ ಅಂತ ದಾಳ ಹಾಕಿದರೆ ಬಂದದ್ದು ಮೊಣಕಾಲು. ಅಣ್ಣ ಚಹಾದ ಲೋಟವನ್ನೇ ನೋಡ್ತಾ ಕೂತ. ಮೋಹನ ಗಡಿಬಿಡಿಯಲ್ಲಿ ಪಟ್ಟಿ ಮಡಚಿ ಕಿಸೆಗೆ ತುರುಕಿದ. ಅದೆಲ್ಲ ಈಗ ಇಲ್ಲ, ನರ್ಮದಾ ತೆಗೆದಿದ್ದಾಳೆ, ಬೆಳಿಗ್ಗೆ ಭೈರಿ ಎದ್ದು ಓಡ್ತಾಳೆ ಅಂದ.

ನನಗೆ ಮೈಯೆಲ್ಲ ಉರಿದು ಹೋತು. ಒಳಗೆ ಅಮ್ಮ ಒಬ್ಬಳು ಸಾಲದು ಅಂತ ಜಗಲಿಯಲ್ಲಿ ನೀವೂ ಶುರು ಮಾಡಿದಿರಿ. ಪಟ್ಟಿ ತೆಗಿ ಅಂದೆ, ಅವ ತೆಗೀಲಿಲ್ಲ. ಕೋಲು ಊರಿ ಎದ್ದು ಹೋಗಿ ಅವನ ಕಿಸೆಯಿಂದ ನಾನೇ ತೆಗೆದೆ, ನಾನೇ ದಾಳ ಹಾಕಿದೆ. ಮೊಣಕಾಲು ಇನ್ನು ಮಡಚೂದಿಲ್ಲ, ಓಡೂದು ಈ ಜನ್ಮದಲ್ಲಿ ಇಲ್ಲ ಅಂತ ಬಂತು. ಅಣ್ಣ ಇನ್ನೊಮ್ಮೆ ಹಾಕು ಅಂದ. ಹಾಕೂದಿಲ್ಲ ಅಂದೆ.

"ಹಾಗಾದ್ರೆ ಭೈರಿ ಈಗ ಎಂತ ಮಾಡ್ತಾಳೆ?" ಅಂತ ಕೇಳಿದ.

"ಬಾಗಿಲಿಗೆ ಅಡ್ಡ ಕೂತ್ಕೊಳ್ತಾಳೆ. ನಿಂತವಳನ್ನು ಬೀಳಿಸಬಹುದು, ಕೂತವಳನ್ನು ಎಂತ ಬೀಳಿಸ್ತಾರೆ?"

ಬಾಗಿಲು ಸಣ್ಣದು, ನಿನಗೆ ಗೊತ್ತಲ್ಲ, ನೀನೇ ಕಟ್ಟಿದ್ದು. ಒಬ್ಬೊಬ್ಬರೇ ಬಗ್ಗಿ ಬರಬೇಕು. ಬಂದವರ ಕಾಲಿಗೇ ಭೈರಿಯ ಕತ್ತಿ. ನೋವಿನ ಲೆಕ್ಕ ಪ್ರತಿ ದಾಳದಲ್ಲೂ ಕಳೆದೇ ಆಡಿದೆ, ಒಂದು ಸಲವೂ ಬಿಡಿಸಿಕೊಳ್ಳಲಿಲ್ಲ. ತೋಳಿಗೂ ಏಟು ಬಿತ್ತು, ಅದನ್ನೂ ಬರೆಸಿದೆ. ಕಡೆಗೆ ಕಳ್ಳರು ದೋಣಿ ಹತ್ತಿದಾಗ ಮೋಹನ ಕೂಗಿದ ಕೂಗಿಗೆ ಅಮ್ಮ ಎಂತ ಆತು ಅಂತ ಒಲೆ ಬಿಟ್ಟು ಓಡಿ ಬಂದಳು. ಭೈರಿ ಬಾಗಿಲು ಬಿಡಲಿಲ್ಲ ಅಂತ ಅಣ್ಣ ಹೇಳಿದ. ಅವಳಿಗೆ ಎಂತ ಅರ್ಥ ಆತೋ, ನನ್ನ ಕೋಲು ಎತ್ತಿ ಹತ್ತಿರ ಇಟ್ಟು ಒಳಗೆ ಹೋದಳು.

ವೀರರ ಕಥೆ ನನಗೂ ಬೇಕು ನರ್ಮದಾ, ನಿನಗಿಂತ ಹೆಚ್ಚು ಬೇಕು. ಆದರೆ ಬೆಳಗಾಗುವುದರೊಳಗೆ ಕಾಲು ಸರಿ ಆಗೂದಾದರೆ ಭೈರಿ ಮಾಡಿದ ದೊಡ್ಡಸ್ತಿಕೆ ಎಂತದು? ಯಾರು ಬೇಕಾದರೂ ಮಾಡ್ತಿದ್ದರು. ನಿನ್ನ ಕಾನೂನನ್ನು ನಾನು ಒಪ್ಪೂದಿಲ್ಲ. ಮೋಹನನ ಪಟ್ಟಿಯನ್ನು ಜಗಲಿಯ ಗೋಡೆಗೆ ಹಚ್ಚಿಸಿದ್ದೇನೆ, ನೀನು ಕಿತ್ತರೆ ಮತ್ತೆ ಹಚ್ತೇನೆ. ನನಗೆ ನೋವಾಗಬಾರದು ಅಂತ ಮಾಡಿದ್ದು ಅಂತ ಗೊತ್ತು. ನನಗಾದದ್ದು ಆಟದಿಂದ ಎಬ್ಬಿಸಿ ಕಳಿಸಿದ ಹಾಗೆ. ಭೈರಿ ಕುಂಟಿ. ಮುಂದಿನ ಕಥೆಯೆಲ್ಲ ಕುಂಟಿಯಾಗಿಯೇ ಆಡ್ತಾಳೆ, ಗೆಲ್ತಾಳೆ, ನೋಡ್ತಾ ಇರು.

ಆತು, ಬೈದು ಮುಗೀತು. ಶಾಲೆಯ ಮಕ್ಕಳು ನಿನ್ನ ಮಾತು ಕೇಳುವ ಹಾಗಾಗಲಿ, ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಎಲ್ಲ ಒಳ್ಳೇದೇ ಆಗಲಿ.

ನಿನ್ನವಳೇ ಆದ,
ಮಾಲತಿ

ತಾ.ಕ.: ಸ್ಕೂಟರ್ ಓಡಿಸ್ತಿದ್ದವಳು ನೀನು ಅಂತ ನಾನು ಒಂದು ದಿನವೂ ಸಿಟ್ಟು ಮಾಡಿದ್ದಿಲ್ಲ. ದನ ಅಡ್ಡ ಬಂದರೆ ಯಾರಿಗೆ ಎಂತ ಮಾಡ್ಲಿಕ್ಕಾಗ್ತದೆ? ಆದರೆ ಅವತ್ತು ಅಪ್ಸರಕೊಂಡದ ತಿರುವಿನಲ್ಲಿ ನೀನು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಕೊಂಡು, ಕೈಯಿಂದ ನನ್ನ ಕಣ್ಣು ಮುಚ್ಚಿ, ಎಂತದೂ ಆಗ್ಲಿಲ್ಲ, ಎಂತದೂ ಆಗ್ಲಿಲ್ಲ ಅಂತಲೇ ಇದ್ದೆ. ಮಾರನೇ ದಿನದಿಂದ ನೀನು ಬರಲೇ ಇಲ್ಲ. ಭಟ್ಕಳದ ಬಸ್ಸೆಲ್ಲ ನಮ್ಮ ಮನೆ ಎದುರಿಂದಲೇ ಹೋಗ್ತದೆ. ಊರಿನವರೆಲ್ಲ ಬಂದು ನನ್ನ ಕಾಲು ನೋಡಿ ಹೋದರು, ನೋಡದವಳು ನೀನೊಬ್ಬಳೇ. ಆಗಿತ್ತು, ನರ್ಮದಾ. ಬಂದು ನೋಡಿ, ಆಗಿತ್ತು ಅಂತ ನಿನ್ನ ಬಾಯಿಂದ ಒಂದು ಸಲ ಹೇಳು.